ಒಂದೇ ದಿನ ಇದ್ದರೆ ಅನುರಾಧಪುರವೋ, ಪೊಲೊನ್ನರುವವೋ?

ಪ್ರಶ್ನೆ: ಮುಂದಿನ ತಿಂಗಳು ಶ್ರೀಲಂಕಾಗೆ ಹೋಗುತ್ತಿದ್ದೇವೆ. ಸಿಗಿರಿಯ ಹತ್ತಿರ ಎರಡು ರಾತ್ರಿ ಇರುತ್ತೇವೆ. ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಇಬ್ಬರಿಗೂ 70ರ ಆಸುಪಾಸು. ಹಳೇ ರಾಜಧಾನಿ ನೋಡಲು ಅಂತ ಒಂದು ದಿನ ಎತ್ತಿಟ್ಟಿದ್ದೇವೆ. ಅನುರಾಧಪುರಕ್ಕೆ ಹೋಗಬೇಕಾ, ಪೊಲೊನ್ನರುವಕ್ಕೆ ಹೋಗಬೇಕಾ? ಎರಡನ್ನೂ ಒಂದೇ ದಿನ ಮುಗಿಸಬಹುದಾ?

ಉತ್ತರ: ಮುಗಿಸಬಹುದು, ಕಾರಿನ ಕಿಟಕಿಯಿಂದ ನೋಡಿದರೆ ಸಾಕು ಅನ್ನುವುದಾದರೆ. ಎರಡು ಊರುಗಳ ನಡುವೆಯೇ ಸುಮಾರು 100 ಕಿ.ಮೀ. ಇದೆ. ಬಿಸಿಲಲ್ಲಿ ಅಪ್ಪ ಅಮ್ಮನನ್ನು ಹತ್ತಿಸಿ ಇಳಿಸಿ ಸುಸ್ತು ಮಾಡಿದರೆ, ಸಂಜೆ ಹೊತ್ತಿಗೆ ಅವರಿಗೆ ನೆನಪಿರುವುದು ಚಪ್ಪಲಿ ಬಿಟ್ಟ ಜಾಗ ಮಾತ್ರ. ಆ ಆಸೆ ಬಿಡಿ.

ಒಂದನ್ನೇ ಆರಿಸಿ ಅಂದರೆ ನಾನು ಹೇಳುವುದು ಪೊಲೊನ್ನರುವ. ಆದರೆ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ. ಅಪ್ಪ ಅಮ್ಮನಿಗೆ ಹಾಳುಬಿದ್ದ ಗೋಡೆಗಳಿಗಿಂತ ಈಗಲೂ ಪೂಜೆ ನಡೆಯುವ ಜಾಗ ಇಷ್ಟವಾ? ಹೌದು ಅಂದರೆ ಅನುರಾಧಪುರಕ್ಕೇ ಕರೆದುಕೊಂಡು ಹೋಗಿ. ಅಶೋಕನ ಮಗಳು ಸಂಘಮಿತ್ತಾ ಬುದ್ಧಗಯೆಯಿಂದ ತಂದಳು ಎನ್ನುವ ಬೋಧಿಯ ಕೊಂಬೆ ಅಲ್ಲಿ ಮರವಾಗಿ ನಿಂತಿದೆ. ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಅದಕ್ಕೆ ನೀರು ತಪ್ಪಿಲ್ಲ. ಬಿಳಿ ಬಟ್ಟೆ ಉಟ್ಟ ಜನ ತಾವರೆ ಹಿಡಿದು ಸುಮ್ನೆ ಕುಳಿತಿರುತ್ತಾರೆ. ಹುಣ್ಣಿಮೆ ದಿನ, ಅದರಲ್ಲೂ ಜೂನ್ ತಿಂಗಳ ಪೊಸೊನ್ ಹುಣ್ಣಿಮೆಗೆ, ಕಾಲಿಡಲು ಜಾಗ ಇರುವುದಿಲ್ಲ. ಜೇತವನದ ಸ್ತೂಪ ಕಟ್ಟಿದ ಕಾಲಕ್ಕೆ ಸುಮಾರು 122 ಮೀಟರ್ ಎತ್ತರ ಇತ್ತು. ಆಗ ಜಗತ್ತಿನಲ್ಲಿ ಅದಕ್ಕಿಂತ ಎತ್ತರ ಇದ್ದದ್ದು ಈಜಿಪ್ಟಿನ ಎರಡು ದೊಡ್ಡ ಪಿರಮಿಡ್‌ಗಳು ಮಾತ್ರ. ಇಷ್ಟಿದ್ದೂ ನಾನು ಅನುರಾಧಪುರವನ್ನು ಎರಡನೆಯದಾಗಿ ಇಡುವುದಕ್ಕೆ ಕಾರಣ, ಅದು 1300 ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿತ್ತು. ಒಂದರ ಮೇಲೊಂದು ಕಾಲ ಕೂತಿದೆ, ಮೈಲಿಗಟ್ಟಲೆ ಹರಡಿದೆ. ಒಂದು ದಿನದಲ್ಲಿ ತಲೆಬುಡ ತಿಳಿಯುವುದಿಲ್ಲ.

ಪೊಲೊನ್ನರುವದ್ದು ಇನ್ನೂರು ವರ್ಷದ ಚಿಕ್ಕ ಕತೆ. ಅರಮನೆ, ಗುಡಿಗಳು, ಮಠಗಳು, ಕೆರೆ ಎಲ್ಲವೂ ನಾಲ್ಕೈದು ಕಿಲೋಮೀಟರ್ ಒಳಗೆ ಸಾಲಾಗಿ ಸಿಗುತ್ತವೆ. ಸಿಗಿರಿಯದಿಂದ ಹೋಗಲು ಒಂದೂವರೆ ಗಂಟೆ ಸಾಕು. ಬೆಳಗ್ಗೆ ಹೋದವರು ಸಂಜೆಗೆ ಒಂದು ಇಡೀ ರಾಜಧಾನಿಯನ್ನು ಸುತ್ತಿ ಬರಬಹುದು.

ಈ ಕತೆ ಶುರುವಾಗುವುದು ಚೋಳರಿಂದ. 993ರಲ್ಲಿ ರಾಜರಾಜ ಚೋಳನ ಸೈನ್ಯ ಅನುರಾಧಪುರವನ್ನು ಹಾಳುಮಾಡಿತು. 1017ರಲ್ಲಿ ಅವನ ಮಗ ರಾಜೇಂದ್ರನ ಕಡೆಯವರು ಸಿಂಹಳದ ರಾಜ ಐದನೇ ಮಹಿಂದನನ್ನೇ ಸೆರೆ ಹಿಡಿದು ಒಯ್ದರು. ಚೋಳರು ರಾಜ್ಯವಾಳಲು ಆರಿಸಿದ್ದು ಪೊಲೊನ್ನರುವವನ್ನು. ಅದಕ್ಕೆ ಜನನಾಥಮಂಗಲಂ ಅಂತ ಹೆಸರಿಟ್ಟರು. 1070ರಲ್ಲಿ ಮೊದಲನೇ ವಿಜಯಬಾಹು ಅವರನ್ನು ಓಡಿಸಿದ. ಆದರೆ ರಾಜಧಾನಿಯನ್ನು ಹಳೇ ಊರಿಗೆ ಒಯ್ಯಲಿಲ್ಲ, ಇಲ್ಲೇ ಉಳಿದ.

ಇಲ್ಲಿ ನಮ್ಮವರೂ ಬರುತ್ತಾರೆ. ಸಿಂಹಳದ ಹಳೆಯ ಇತಿಹಾಸಗ್ರಂಥ ಚೂಳವಂಸದಲ್ಲಿ ಒಂದು ಪ್ರಸಂಗ ಇದೆ. ವಿಜಯಬಾಹುವಿನ ಆಸ್ಥಾನಕ್ಕೆ ಚೋಳರ ಕಡೆಯಿಂದಲೂ ಕನ್ನಡದ ರಾಜನ ಕಡೆಯಿಂದಲೂ ದೂತರು ಕಾಣಿಕೆ ತಂದರು. ಕನ್ನಡದ ರಾಜ ಅಂದರೆ ಕಲ್ಯಾಣದ ಚಾಳುಕ್ಯ ಆರನೇ ವಿಕ್ರಮಾದಿತ್ಯ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಇಬ್ಬರಿಗೂ ಚೋಳರ ಮೇಲೆ ಸಿಟ್ಟು, ಹಾಗಾಗಿ ಸ್ನೇಹ ಬೆಳೆದದ್ದರಲ್ಲಿ ಆಶ್ಚರ್ಯ ಇಲ್ಲ. ವಿಜಯಬಾಹು ಕನ್ನಡದ ದೂತರ ಜೊತೆ ತನ್ನ ದೂತರನ್ನೂ ಕಳಿಸಿದ. ದಾರಿಯಲ್ಲಿ ಚೋಳರು ಆ ಸಿಂಹಳ ದೂತರ ಮೂಗು ಕಿವಿ ಕೊಯ್ದರು. ರಾಜ ಯುದ್ಧಕ್ಕೆ ಹೊರಟ. ಆದರೆ ಅವನ ಸೈನ್ಯದಲ್ಲಿದ್ದ ವೇಳೈಕ್ಕಾರರೆಂಬ ಪಡೆಯವರು ಚೋಳರ ಮೇಲೆ ಹೋಗಲು ಒಪ್ಪದೆ ತಿರುಗಿಬಿದ್ದು ಅರಮನೆಗೇ ಬೆಂಕಿ ಇಟ್ಟರು. ಆಮೇಲೆ ಅದೇ ಪಡೆ ಬುದ್ಧನ ದಂತಧಾತುವನ್ನು, ಅಂದರೆ ಬುದ್ಧನದೆಂದು ನಂಬುವ ಹಲ್ಲನ್ನು, ಕಾಯುತ್ತೇವೆ ಅಂತ ತಮಿಳಿನಲ್ಲಿ ಕಲ್ಲು ಬರೆಸಿ ನಿಲ್ಲಿಸಿತು. ಆ ಕಲ್ಲು ಗುಡಿಗಳ ಅಂಗಳದಲ್ಲಿ ಈಗಲೂ ಇದೆ. ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ನೋಡುವವರು ಕಮ್ಮಿ. ನೀವು ನಿಂತು ನೋಡಿ.

ಈಗ ಹೇಗೆ ನೋಡಬೇಕು ಅನ್ನುವ ವಿಷಯ. ನಮ್ಮ ಕಣ್ಣು ಹಂಪಿ, ಹಳೇಬೀಡಿನ ಕಲ್ಲಿಗೆ ಒಗ್ಗಿದೆ. ಆ ಕಣ್ಣಲ್ಲೇ ಪೊಲೊನ್ನರುವಕ್ಕೆ ಹೋದರೆ ಮೊದಲ ಅರ್ಧ ಗಂಟೆ ನಿರಾಸೆ ಆಗುತ್ತದೆ. "ಇದೇನು, ಬರೀ ಇಟ್ಟಿಗೆ ಗೋಡೆ, ಬೋಳು ಕಂಬ" ಅಂತ ನಾನೂ ಮೊದಲ ಸಲ ಗೊಣಗಿದ್ದೆ. ಆದರೆ ಇದು ಇಟ್ಟಿಗೆ, ಗಾರೆ ಮತ್ತು ಮರದ ಊರು. ಕಲ್ಲು ಬಂದಿರುವುದು ಮೆಟ್ಟಿಲಿಗೆ, ಕಂಬಕ್ಕೆ, ಬಾಗಿಲಿಗೆ. ಮೇಲಿನ ಮರದ ಮಾಡು ಹೋಗಿಬಿಟ್ಟಿದೆ. ಅದಕ್ಕೇ ಹೇಳುತ್ತೇನೆ, ಮೊದಲು ಕೆರೆ ಹತ್ತಿರದ ಮ್ಯೂಸಿಯಂಗೆ ಹೋಗಿ. ಟಿಕೆಟ್ ಸಿಗುವುದೂ ಅಲ್ಲೇ. ಕಟ್ಟಡಗಳು ಮಾಡಿನ ಸಮೇತ ಹೇಗಿದ್ದವು ಅಂತ ತೋರಿಸುವ ಮಾದರಿಗಳು ಅಲ್ಲಿವೆ. ಅದನ್ನು ನೋಡಿ ಹೊರಗೆ ಬಂದರೆ ಬೋಳು ಕಂಬದ ಮೇಲೆ ತಾನಾಗಿ ಮಾಡು ಕಾಣುತ್ತದೆ. ಸಾರ್ಕ್ ದೇಶದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇದೆ, ಪಾಸ್‌ಪೋರ್ಟ್ ಮರೆಯಬೇಡಿ.

ಮ್ಯೂಸಿಯಂ ಆದ ಮೇಲೆ ದಾರಿಯಲ್ಲಿ ಅರಮನೆ ಸಿಗುತ್ತದೆ. ರಾಜ ಪರಾಕ್ರಮಬಾಹುವಿನದು (ಆಳಿದ್ದು 1153–1186). ಏಳು ಮಹಡಿ, ಸಾವಿರ ಕೋಣೆ ಅಂತ ಗ್ರಂಥ ಹೇಳುತ್ತದೆ. ಈಗ ಉಳಿದದ್ದು ದಪ್ಪ ಇಟ್ಟಿಗೆ ಗೋಡೆಗಳು. ಅದರಲ್ಲಿ ಮರದ ತೊಲೆ ಕೂತಿದ್ದ ತೂತುಗಳು ಕಾಣುತ್ತವೆ. ಹತ್ತು ನಿಮಿಷ ಸಾಕು. ಎದುರಿನ ಸಭಾಮಂಟಪದ ಆನೆಸಾಲು ನೋಡಿ ಮುಂದೆ ನಡೆಯಿರಿ, ಬಿಸಿಲು ಏರುವ ಮೊದಲು ದಳದಾ ಮಳುವ ಎನ್ನುವ ಆ ಗುಡಿಗಳ ಅಂಗಳಕ್ಕೆ ತಲುಪಬೇಕು.

ಯಾಕೆ ಅವಸರ ಅಂದರೆ ಅಲ್ಲಿ ಬರಿಗಾಲು. ಟೋಪಿಯನ್ನೂ ತೆಗೆಯಬೇಕು. ಒಂದು ಸಲ ಮಟಮಟ ಮಧ್ಯಾಹ್ನ ಅಲ್ಲಿನ ವಟದಾಗೆ ಗುಡಿಯ ಕಲ್ಲಿನ ಮೇಲೆ ಕಾಲಿಟ್ಟು ಕುಣಿದಿದ್ದೇನೆ, ಪಕ್ಕದಲ್ಲಿದ್ದ ಶಾಲೆ ಮಕ್ಕಳಿಗೆ ಒಳ್ಳೇ ಮಜಾ ಸಿಕ್ಕಿತು. ಅಪ್ಪ ಅಮ್ಮನಿಗೆ ದಪ್ಪ ಸಾಕ್ಸ್ ಕೊಡಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬುದ್ಧನ ವಿಗ್ರಹಕ್ಕೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳಬೇಡಿ. ಇದು ಸುಮ್ನೆ ಹೇಳುವ ಮಾತಲ್ಲ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಆ ದೇಶ ವಾಪಸ್ ಕಳಿಸಿತ್ತು.

ಅಂಗಳದಲ್ಲಿ ಅಕ್ಕಪಕ್ಕ ಇಷ್ಟೊಂದು ಗುಡಿಗಳು ಯಾಕೆ ಅಂತ ಅಪ್ಪ ಕೇಳಿದರೆ ಉತ್ತರ ಹೀಗಿದೆ. ಬುದ್ಧನ ದಂತಧಾತು ಯಾರ ಬಳಿ ಇದೆಯೋ ಸಿಂಹಾಸನ ಅವರದು ಎನ್ನುವ ನಂಬಿಕೆ ಇತ್ತು. ಈಗ ಅದು ಕ್ಯಾಂಡಿಯಲ್ಲಿದೆ. ಆಗ ವಿಜಯಬಾಹು ಅದಕ್ಕಾಗಿ ಅಟದಾಗೆ ಕಟ್ಟಿಸಿದ. ನೂರು ವರ್ಷದ ಮೇಲೆ ನಿಶ್ಶಂಕಮಲ್ಲ ಬಂದು ಪಕ್ಕದಲ್ಲೇ ಹಟದಾಗೆ ಕಟ್ಟಿಸಿದ. ಈ ನಿಶ್ಶಂಕಮಲ್ಲ ಒಂದು ಬಗೆಯ ಮನುಷ್ಯ. ಆಳಿದ್ದು 1187ರಿಂದ 1196ರವರೆಗೆ, ಒಂಬತ್ತೇ ವರ್ಷ. ಆದರೆ ಎಲ್ಲಿ ನೋಡಿದರೂ ಅವನ ಹೊಗಳಿಕೆಯ ಶಾಸನ. ಅಲ್ಲೇ ಬಿದ್ದಿರುವ ಗಲ್ ಪೊತ, ಅಂದರೆ ಕಲ್ಲಿನ ಪುಸ್ತಕ, ತಾಳೆಗರಿ ಆಕಾರದ್ದು. ಎಂಟು ಮೀಟರ್ ಉದ್ದ, ಸುಮಾರು 25 ಟನ್ ತೂಕ. ದೂರದ ಮಿಹಿಂತಲೆಯಿಂದ ಎಳೆಸಿ ತಂದದ್ದು ಅಂತ ಅದರ ಮೇಲೇ ಬರೆಸಿದ್ದಾನೆ. ನಮ್ಮ ಊರಿನ ಫ್ಲೆಕ್ಸ್ ನೆನಪಾಗುತ್ತದೆ, ಅಲ್ವಾ?

ವಟದಾಗೆ ಮಾತ್ರ ನಿಧಾನವಾಗಿ ನೋಡಿ. ದುಂಡನೆಯ ಗುಡಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ಕೂತ ಬುದ್ಧರು, ನಡುವೆ ಒಂದು ಚಿಕ್ಕ ಸ್ತೂಪ. ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರದ ಆಕಾರದ ಕೆತ್ತಿದ ಕಲ್ಲು ಇದೆ. ಅನುರಾಧಪುರದ ಇಂಥ ಕಲ್ಲುಗಳಲ್ಲಿ ಆನೆ, ಕುದುರೆ, ಸಿಂಹ, ಗೂಳಿ ಸಾಲಾಗಿ ಓಡುತ್ತವೆ. ಇಲ್ಲಿ ಗೂಳಿ ಇಲ್ಲ. ಚೋಳರ ಕಾಲದ ಮೇಲೆ ನಂದಿಯನ್ನು ತುಳಿಯಬಾರದು ಎನ್ನುವ ಭಾವನೆ ಬಂದು ಅದನ್ನು ಬಿಟ್ಟರು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಚೋಳರನ್ನು ಓಡಿಸಿದ ಮೇಲೂ ಅವರ ನಂದಿಗೆ ಇಷ್ಟು ಮರ್ಯಾದೆ. ನನಗೆ ಇಡೀ ಊರಿನಲ್ಲಿ ಇಷ್ಟವಾದ ಸಂಗತಿ ಇದೇ.

ಮಧ್ಯಾಹ್ನ ಹೊರಗೆ ಸುತ್ತಬೇಡಿ. ಊಟ ಮಾಡಿ, ಮಲಗಿ. ಅನ್ನ ಮತ್ತು ನಾಲ್ಕೈದು ಪಲ್ಯ ಸುಲಭವಾಗಿ ಸಿಗುತ್ತದೆ. ಸಸ್ಯಾಹಾರಿಗಳಾದರೆ ಒಂದು ಎಚ್ಚರ: ಕಾಯಿತುರಿಯ ಪೊಲ್ ಸಂಬೋಲ್ ನೋಡಲು ನಮ್ಮ ಚಟ್ನಿಯಂತೆಯೇ ಇರುತ್ತದೆ, ಆದರೆ ಅದಕ್ಕೆ ಒಣಮೀನಿನ ಪುಡಿ ಹಾಕುವುದು ರೂಢಿ. ಕೇಳಿ ಬಡಿಸಿಕೊಳ್ಳಿ. ಕೊನೆಗೆ ಮಡಕೆಯ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಅಂದರೆ ಮಲೆನಾಡಿನ ಬೈನೆ ಮರವೇ.

ಮೂರು ಗಂಟೆ ಮೇಲೆ ಉತ್ತರದ ಕಡೆ ಹೊರಡಿ. ನಡಿಗೆ ಬೇಡ, ವಯಸ್ಸಾದವರಿಗೆ ಕಾರು ಇಲ್ಲವೇ ಆಟೋ ಬೇಕು. ನಿಮಗೆ ಮಾತ್ರ ಆದರೆ ಬಾಡಿಗೆ ಸೈಕಲ್‌ಗಿಂತ ಒಳ್ಳೆಯದು ಇಲ್ಲ, ನೆಲ ಸಮತಟ್ಟು. ದಾರಿಯಲ್ಲಿ ಎರಡನೇ ಶಿವ ದೇವಾಲಯ ಸಿಗುತ್ತದೆ. ಚೋಳರು ಕಟ್ಟಿದ್ದು, ರಾಜರಾಜನ ರಾಣಿಯ ಹೆಸರಿನಲ್ಲಿ ವಾನವನ್ ಮಾದೇವಿ ಈಶ್ವರಂ. ಇಡೀ ಕಲ್ಲಿನದಾದ್ದರಿಂದ ಮಾಡಿನವರೆಗೂ ನಿಂತಿದೆ. ಆಮೇಲೆ ಲಂಕಾತಿಲಕ: ಸುಮಾರು 17 ಮೀಟರ್ ಎತ್ತರದ ಎರಡು ಇಟ್ಟಿಗೆ ಗೋಡೆಗಳು, ನಡುವೆ ತಲೆ ಇಲ್ಲದ ನಿಂತ ಬುದ್ಧ. ಅದರ ಪಕ್ಕದ ಕಿರಿ ವಿಹಾರದ ಸ್ತೂಪಕ್ಕೆ ಹಾಲಿನ ಬಣ್ಣದ ಗಾರೆಯಿಂದಲೇ ಆ ಹೆಸರು. ಶತಮಾನಗಟ್ಟಲೆ ಕಾಡು ಮುಚ್ಚಿದ್ದರೂ ಗಾರೆ ಉದುರಿರಲಿಲ್ಲ. ಕೋತಿಗಳು ಬರುತ್ತವೆ. ಇಲ್ಲಿನ ಕೋತಿಗಳ ಬದುಕನ್ನು ವಿಜ್ಞಾನಿಗಳು 1968ರಿಂದ ಬರೆದಿಡುತ್ತಿದ್ದಾರೆ. ನಿಮ್ಮ ಕೈಚೀಲಕ್ಕೆ ಅದರಿಂದ ಏನೂ ರಕ್ಷಣೆ ಇಲ್ಲ, ಬಾಳೆಹಣ್ಣು ಹೊರಗೆ ತೆಗೆಯಬೇಡಿ.

ಗಲ್ ವಿಹಾರವನ್ನು ಕೊನೆಗೆ ಇಟ್ಟುಕೊಳ್ಳಿ. ಒಂದೇ ಬಂಡೆಯಲ್ಲಿ ನಾಲ್ಕು ವಿಗ್ರಹ: ಧ್ಯಾನಕ್ಕೆ ಕೂತದ್ದು, ಗುಹೆಯೊಳಗೆ ಚಿಕ್ಕದು, ಏಳು ಮೀಟರ್ ಎತ್ತರದ ನಿಂತದ್ದು, 14 ಮೀಟರ್ ಉದ್ದದ ಮಲಗಿದ್ದು. ಪರಾಕ್ರಮಬಾಹು ಕಡೆಸಿದ್ದು. ನಿಂತವನು ಎದೆ ಮೇಲೆ ಕೈ ಮಡಚಿದ್ದಾನೆ. ಅದು ಬುದ್ಧನೇ ಅಂತ ಒಂದು ವಾದ, ಗುರು ಹೋದ ದುಃಖದಲ್ಲಿ ನಿಂತ ಶಿಷ್ಯ ಆನಂದ ಅಂತ ಇನ್ನೊಂದು ವಾದ. ಒಂದು ಕಾಲದಲ್ಲಿ ಈ ವಿಗ್ರಹಗಳಿಗೆ ಬೇರೆ ಬೇರೆ ಇಟ್ಟಿಗೆ ಮನೆಗಳಿದ್ದವು ಅನ್ನುವುದನ್ನು ಆನಂದ ಅನ್ನುವವರು ನೆನಪಿಟ್ಟುಕೊಳ್ಳಬೇಕು. ಮಲಗಿದವನ ತಲೆದಿಂಬು ನೋಡಿ. ತಲೆಯ ಭಾರಕ್ಕೆ ಸ್ವಲ್ಪ ಕುಸಿದಿದೆ, ಕಲ್ಲಿನಲ್ಲಿ! ಪಾದ ನೋಡಿ. ಎರಡೂ ಸರಿಯಾಗಿ ಜೋಡಿಸಿಲ್ಲ, ಎಡಗಾಲು ಚೂರು ಹಿಂದೆ ಸರಿದಿದೆ. ನಿದ್ದೆ ಮಾಡುತ್ತಿಲ್ಲ, ಪರಿನಿರ್ವಾಣ ಆಗಿದೆ ಅಂತ ಅದರ ಅರ್ಥ. ಬಂಡೆಯ ಕಪ್ಪು ಗೆರೆಗಳು ಮುಖದ ಮೇಲೆ ಹಾದುಹೋಗುತ್ತವೆ. ಎದುರಿಗೆ ಕೂರಲು ಬಂಡೆ ಇದೆ. ಅಮ್ಮ ಅಲ್ಲಿ ಅರ್ಧ ಗಂಟೆ ಕೂತರೆ ಎಬ್ಬಿಸಬೇಡಿ.

ಇನ್ನೂ ಉತ್ತರಕ್ಕೆ ತಿವಂಕ ಪ್ರತಿಮಾಗೃಹ ಇದೆ, ಹಳೆಯ ಗೋಡೆಚಿತ್ರಗಳಿವೆ. ಅಪ್ಪ ಸುಸ್ತಾಗಿದ್ದರೆ ಬಿಟ್ಟುಬಿಡಿ.

ಆದರೆ ಕೆರೆ ಬಿಡಬೇಡಿ. ಹೆಸರು ಪರಾಕ್ರಮ ಸಮುದ್ರ, ಏರಿಯ ಉದ್ದವೇ 13 ಕಿ.ಮೀ. ದಾಟುತ್ತದೆ. ಜನರಿಗೆ ಉಪಯೋಗವಾಗದೆ ಮಳೆಯ ಒಂದು ಹನಿಯೂ ಕಡಲು ಸೇರಬಾರದು ಅಂತ ಪರಾಕ್ರಮಬಾಹು ಹೇಳಿದನೆಂದು ಚೂಳವಂಸದಲ್ಲಿದೆ. ಕೆರೆ, ಏರಿ, ತೂಬು ಗೊತ್ತಿರುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಇಷ್ಟು ಇಟ್ಟಿಗೆ ಸುಟ್ಟವರಿಗೆ, ಇಷ್ಟು ಭಿಕ್ಷುಗಳಿಗೆ ಅನ್ನ ಹಾಕಿದ್ದು ಈ ನೀರು. 1215ರಲ್ಲಿ ಕಳಿಂಗದ ಮಾಘ ದಾಳಿ ಮಾಡಿದ ಮೇಲೆ ರಾಜರು ನೈರುತ್ಯಕ್ಕೆ ಸರಿದರು, ಕೆರೆಗಳನ್ನು ನೋಡುವವರಿಲ್ಲದಾಯಿತು, ಕಾಡು ಬಂತು. ಈಗ ಕೆರೆ ದುರಸ್ತಿಯಾಗಿದೆ, ಕೆಳಗೆ ಗದ್ದೆಗಳಿವೆ. ಸಂಜೆ ಏರಿಯ ಮೇಲೆ ಜನ ಸ್ನಾನಕ್ಕೆ, ಗಾಳಿಗೆ ಬರುತ್ತಾರೆ. ಟಿಕೆಟ್ ಇಲ್ಲ. ತಂಬಿಲಿ ಅಂತ ಕೇಳಿ, ಕಿತ್ತಳೆ ಬಣ್ಣದ ಎಳನೀರು ಕೆತ್ತಿಕೊಡುತ್ತಾರೆ. ಕತ್ತಲಾಗುವ ಮೊದಲೇ ಸಿಗಿರಿಯಕ್ಕೆ ಹೊರಟುಬಿಡಿ, ಮಿನ್ನೇರಿಯ ಕಡೆಯ ರಸ್ತೆಯಲ್ಲಿ ಆನೆ ಅಡ್ಡ ಬರುತ್ತದೆ.