ಸೋಪಿನೊಳಗೆ ಮಲಗಿರುವ ಜೀವ

ಕಕ್ಕಡ ತಿಂಗಳ ಮಳೆಗೆ ಕೊಡಗಿನಲ್ಲಿ ಯಾವುದಕ್ಕೆ ಬೂಷ್ಟು ಹಿಡಿಯುವುದಿಲ್ಲ ಹೇಳಿ? ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ಸೀರೆ, ಎಲ್ಲಕ್ಕೂ ಹಿಡಿಯುತ್ತದೆ. ಬಚ್ಚಲಿನ ಸೋಪಿಗೆ ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ.

ನಮ್ಮ ಪಕ್ಕದ ತೋಟದ ಅಕ್ಕ ಮನೆಯಲ್ಲೇ ಸೋಪು ಮಾಡುತ್ತಾರೆ. ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಕೊಬ್ಬರಿ ಎಣ್ಣೆಗೆ ಹೊಯ್ದು, ಗಂಜಿಯಷ್ಟು ಗಟ್ಟಿಯಾಗುವ ತನಕ ತಿರುವುತ್ತಾರೆ. ಆಮೇಲೆ ಕಾಫಿಪುಡಿ, ಅರಿಶಿನ ಉದುರಿಸಿ, ಅಚ್ಚಿಗೆ ಹಾಕಿ, ನಾಲ್ಕಾರು ವಾರ ಒಣಗಲು ಬಿಡುತ್ತಾರೆ. "ಇದರಲ್ಲೂ ಬ್ಯಾಕ್ಟೀರಿಯಾ ಇರುತ್ತಾ?" ಅಂತ ಒಂದು ದಿನ ಕೇಳಿದರು.

ಇರಬಹುದು ಅಕ್ಕ, ಎಂದೆ. ಸೋಪಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9-10ರ ಆಸುಪಾಸು, ನಮ್ಮ ಚರ್ಮದ್ದು ಸುಮಾರು 5. ಒಂದೊಂದು ಅಂಕಕ್ಕೂ ಹತ್ತು ಪಟ್ಟು ವ್ಯತ್ಯಾಸ. ಅಷ್ಟು ಕ್ಷಾರದಲ್ಲಿ, ನೀರೂ ಕಡಿಮೆ ಇರುವಲ್ಲಿ, ಹೆಚ್ಚಿನವು ಬದುಕುವುದಿಲ್ಲ. ಬ್ಯಾಸಿಲಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಮಾತ್ರ ಬೇರೆ ಜಾತಿ. ಕಷ್ಟ ಬಂದರೆ ಗಟ್ಟಿ ಕವಚ ಕಟ್ಟಿಕೊಂಡು ಒಣ ಕಾಳಿನ ಹಾಗೆ ಮಲಗಿಬಿಡುತ್ತದೆ. ಹೀಗೆ ಮಲಗಿದ ರೂಪವೇ ಬೀಜಾಣು. ಅನ್ನ ಬೆಂದರೂ ಕೆಲವು ಬೀಜಾಣುಗಳು ಸಾಯುವುದಿಲ್ಲ. ರಾತ್ರಿಯಿಡೀ ಹೊರಗಿಟ್ಟ ಅನ್ನ ಹೊಟ್ಟೆ ಕೆಡಿಸುವುದು ಇದರಿಂದಲೂ ಹೌದು. ಅರಿಶಿನ, ಕಾಫಿಪುಡಿಯ ಜೊತೆ ಇವು ಸೋಪಿಗೂ ಸೇರಬಹುದು.

ಇಂಥದ್ದನ್ನು ಲ್ಯಾಬಿನಲ್ಲಿ ಎಬ್ಬಿಸಿ ನೋಡುವುದು ಚೆಂದ. ಪುಂಡಿಹಿಟ್ಟಿನಂತೆ ಮಬ್ಬಾಗಿ ಬೆಳೆದ ಬೇರೆ ಬ್ಯಾಕ್ಟೀರಿಯಾದ ಪದರದ ನಡುವೆ ಬ್ಯಾಸಿಲಸ್‌ನ ಒಂದು ಚುಕ್ಕಿ. ಅದರ ಸುತ್ತ ಗಾಜಿನಷ್ಟು ತಿಳಿಯಾದ ಉಂಗುರ. ಅಲ್ಲಿಗೆ ಯಾರೂ ಕಾಲಿಟ್ಟಿಲ್ಲ! ಬ್ಯಾಸಿಲಸ್ ಹೊರಬಿಟ್ಟ ರಸ ಬೇರೆಯವನ್ನು ತಡೆದಿದೆ. ಊಟಕ್ಕೆ ಪೈಪೋಟಿ ಇರುವ ಮಣ್ಣಿನಲ್ಲಿ ಕಲಿತ ವಿದ್ಯೆ ಇದು. ಆದರೆ ಈ ಪರೀಕ್ಷೆಗೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಸೋಪನ್ನೇ ಹಚ್ಚಬಾರದು. ಸೋಪಿನ ಕ್ಷಾರವೇ ಉಂಗುರ ಮಾಡಿಬಿಟ್ಟರೆ ಯಾರ ಕೆಲಸ ಅಂತ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಹೊಸ ತಟ್ಟೆಯಲ್ಲಿ ಬೆಳೆಸಿಯೇ ನೋಡಬೇಕು.

ಈ ವಿದ್ಯೆಯಿಂದ ಔಷಧವೂ ಹುಟ್ಟಿದೆ. 1943ರಲ್ಲಿ ನ್ಯೂಯಾರ್ಕಿನಲ್ಲಿ ಕಾಲು ಮುರಿದುಕೊಂಡ ಮಾರ್ಗರೆಟ್ ಟ್ರೇಸಿ ಎಂಬ ಪುಟ್ಟ ಹುಡುಗಿಯ ಗಾಯದಲ್ಲಿ ಒಂದು ಬ್ಯಾಸಿಲಸ್ ಸಿಕ್ಕಿತು. ಅದು ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತಿತ್ತು. ಅದರಿಂದ ಬಂದ ಔಷಧಕ್ಕೆ ಬ್ಯಾಸಿಲಸ್, ಟ್ರೇಸಿ ಎರಡೂ ಸೇರಿಸಿ ಬ್ಯಾಸಿಟ್ರೇಸಿನ್ ಎಂದು ಹೆಸರಿಟ್ಟರು. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಇಟ್ಟಿಗೆ ಹೊತ್ತು ತರುವ ಅಣುವನ್ನೇ ಇದು ಹಿಡಿದು ನಿಲ್ಲಿಸುತ್ತದೆ. ಗಾಯಕ್ಕೆ ಹಚ್ಚುವ ಮುಲಾಮುಗಳಲ್ಲಿ ಇವತ್ತಿಗೂ ಇದೆ.

"ಹಾಗಾದ್ರೆ ನನ್ನ ಸೋಪಲ್ಲೂ ಔಷಧ ಇದೆ ಅಲ್ವಾ?" ಎಂದರು ಅಕ್ಕ. ಇಲ್ಲ. ಮಲಗಿರುವ ಬೀಜಾಣು ಏನನ್ನೂ ತಯಾರಿಸುವುದಿಲ್ಲ. ಕೊಳೆ ತೆಗೆಯುವುದು ಸೋಪೇ. ಅದರ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಎರಡೂ ಸೇರಿ ಕ್ರಿಮಿಗಳನ್ನು ಕೊಳೆಯ ಸಮೇತ ಎಬ್ಬಿಸಿ ಹರಿಸಿಬಿಡುತ್ತವೆ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇಕೆಂದೇ ಬ್ಯಾಕ್ಟೀರಿಯಾ ಹಚ್ಚಿದ ಸೋಪಿನಿಂದ 16 ಜನ ಕೈ ತೊಳೆದರು. ತೊಳೆದ ಕೈಗಳಲ್ಲಿ ಆ ಬ್ಯಾಕ್ಟೀರಿಯಾ ಲೆಕ್ಕಕ್ಕೆ ಸಿಗುವಷ್ಟು ಉಳಿದಿರಲಿಲ್ಲ.

ಅಕ್ಕನಿಗೆ ಸಮಾಧಾನವಾಯಿತು. ಸೋಪಿನ ಚೀಟಿಯಲ್ಲಿ 'ಔಷಧೀಯ' ಅಂತ ಬರೆಯುವ ಯೋಚನೆ ಇತ್ತಂತೆ, ಅದನ್ನು ಬಿಟ್ಟರು. ಕಾಫಿಪುಡಿ ಮಾತ್ರ ಬಿಡಲಿಲ್ಲ.