ಅಷ್ಟೆಲ್ಲ ಆದರೂ ಐರ್ಲೆಂಡ್‌ನ ಜನ ಸುಮ್ಮನಿದ್ದರಾ?

ಪ್ರಶ್ನೆ: 2010ರ ಸುಮಾರಿಗೆ ಗ್ರೀಸ್‌ನಲ್ಲಿ ಬೀದಿಗಳು ಹೊತ್ತಿ ಉರಿದವು. ಅದೇ ಹೊತ್ತಿಗೆ ಐರ್ಲೆಂಡ್ ಕೂಡ ದಿವಾಳಿಯ ಅಂಚಿಗೆ ಬಂದಿತ್ತು. ಅಲ್ಲಿನ ಜನಕ್ಕೆ ಸರ್ಕಾರದ ಮೇಲೆ ಸಿಟ್ಟೇ ಬರಲಿಲ್ವಾ?

ಬಂದಿತ್ತು. ಚೆನ್ನಾಗಿಯೇ ಬಂದಿತ್ತು. ಬೆಂಕಿ ಹಚ್ಚಲಿಲ್ಲ ಅಷ್ಟೇ. ಕೆಲಸ ಹೋಗಿದ್ದು, ಮನೆ ಬೆಲೆ ಅರ್ಧಕ್ಕೆ ಇಳಿದಿದ್ದು ಇವೆಲ್ಲ ಸಿಟ್ಟಿಗೆ ಕಾರಣ ನಿಜ. ಆದರೆ ನನಗೆ ಅನ್ನಿಸುವಂತೆ, ಜನಕ್ಕೆ ಜಾಸ್ತಿ ಉರಿದದ್ದು ನಾಯಕರು ಇದ್ದದ್ದನ್ನು ಇದ್ದ ಹಾಗೆ ಹೇಳದೇ ಹೋದದ್ದಕ್ಕೆ.

ಕತೆ ಶುರುವಾಗುವುದು ಒಂದು ಜಾಮೀನಿನಿಂದ. 2008ರ ಸೆಪ್ಟೆಂಬರ್ 29ರ ರಾತ್ರಿ ಪ್ರಧಾನಿ ಬ್ರಯನ್ ಕೋವನ್, ಹಣಕಾಸು ಮಂತ್ರಿ ಬ್ರಯನ್ ಲೆನಿಹನ್ ಮತ್ತು ಕೆಲವು ಅಧಿಕಾರಿಗಳು ಕೂತು ಒಂದು ತೀರ್ಮಾನ ಮಾಡಿದರು. ಸಂಕಷ್ಟಕ್ಕೆ ಸಿಕ್ಕಿದ ಆರು ಬ್ಯಾಂಕುಗಳ ಠೇವಣಿ ಮತ್ತು ಹೆಚ್ಚಿನ ಸಾಲಕ್ಕೆಲ್ಲ ಸರ್ಕಾರವೇ ಜಾಮೀನು. ಮೊತ್ತ ಸುಮಾರು 44,000 ಕೋಟಿ ಯೂರೋ, ಅಂದರೆ ಇಡೀ ದೇಶದ ಒಂದು ವರ್ಷದ ಉತ್ಪನ್ನದ ಎರಡು ಪಟ್ಟಿಗಿಂತ ಜಾಸ್ತಿ. ಉಳಿದ ಮಂತ್ರಿಗಳ ಒಪ್ಪಿಗೆಯನ್ನು ಫೋನಿನಲ್ಲೇ ಪಡೆದರು. ಬೆಳಗಾಗುವಷ್ಟರಲ್ಲಿ ಸುಮಾರು 45 ಲಕ್ಷ ಜನ ತಾವು ರುಜು ಹಾಕದ ಪತ್ರಕ್ಕೆ ಜಾಮೀನುದಾರರಾಗಿದ್ದರು. ಜಾಮೀನು ನಿಂತು ಮನೆ ಕಳೆದುಕೊಂಡವರ ಕತೆ ನಮ್ಮ ಊರುಗಳಲ್ಲೂ ಇದೆ, ಅಲ್ವಾ?

ಇದಾಗಿ ಎರಡು ವಾರಕ್ಕೆ ಬಜೆಟ್ ಬಂತು. 70 ವರ್ಷ ದಾಟಿದ ಎಲ್ಲರಿಗೂ ಇದ್ದ ಉಚಿತ ವೈದ್ಯಕೀಯ ಕಾರ್ಡಿಗೆ ಇನ್ನು ಆದಾಯದ ಮಿತಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮುದುಕರು ಬಿಡಲಿಲ್ಲ. ಡಬ್ಲಿನ್‌ನ ಒಂದು ಚರ್ಚಿನಲ್ಲಿ ಸಭೆ ಸೇರಿ, ಸಮಜಾಯಿಷಿ ಕೊಡಲು ಬಂದ ಮಂತ್ರಿಗೆ ಮಾತಾಡಲೇ ಬಿಡಲಿಲ್ಲ. ಮರುದಿನ ಸುಮಾರು 15,000 ಜನ ಸಂಸತ್ತಿನ ಮುಂದೆ ನಿಂತರು. ಅಷ್ಟರಲ್ಲಾಗಲೇ ಸರ್ಕಾರ ಆದಾಯದ ಮಿತಿಯನ್ನು ಏರಿಸಿ ಹಿಂದೆ ಸರಿದಿತ್ತು. ಮುಂದಿನ ಫೆಬ್ರವರಿಯಲ್ಲಿ ಕಾರ್ಮಿಕ ಸಂಘಗಳು ಕರೆದ ಮೆರವಣಿಗೆಗೆ ಒಂದು ಲಕ್ಷದಷ್ಟು ಜನ ಬಂದರು.

ತಪ್ಪೆಲ್ಲ ಅಮೆರಿಕದಲ್ಲಿ ಶುರುವಾದ ಬ್ಯಾಂಕ್ ಬಿಕ್ಕಟ್ಟಿನದ್ದು ಎಂದು ಕೋವನ್ ಜಾರಿಕೊಳ್ಳುವ ಹಾಗೂ ಇರಲಿಲ್ಲ. 2004ರಿಂದ 2008ರವರೆಗೆ, ಮನೆ ಬೆಲೆ ಆಕಾಶಕ್ಕೇರುತ್ತಿದ್ದಾಗ, ಹಣಕಾಸು ಮಂತ್ರಿ ಅವರೇ. 2010ರ ಸೆಪ್ಟೆಂಬರ್‌ನಲ್ಲಿ ಪಕ್ಷದ ಸಭೆಗೆಂದು ಗಾಲ್ವೇಗೆ ಹೋದವರು ಬೆಳಗಿನ ರೇಡಿಯೋ ಸಂದರ್ಶನದಲ್ಲಿ ಗಂಟಲು ಕಟ್ಟಿದಂತೆ ತಡವರಿಸಿ ಮಾತಾಡಿದರು. ರಾತ್ರಿ ಕುಡಿದದ್ದು ಇಳಿದಿಲ್ಲ ಎಂದು ವಿರೋಧ ಪಕ್ಷ ಆಡಿಕೊಂಡಿತು. ಕೋವನ್ ಅದನ್ನು ಅಲ್ಲಗಳೆದರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಅದೇ ತಿಂಗಳ ಕೊನೆಗೆ ಒಬ್ಬ ಕಾಂಕ್ರೀಟ್ ಮಿಕ್ಸರ್ ಲಾರಿಯನ್ನು ಸಂಸತ್ತಿನ ಗೇಟಿಗೇ ತಂದು ನಿಲ್ಲಿಸಿದ. ಲಾರಿಯ ಮೇಲೆ ಆಂಗ್ಲೋ ಬ್ಯಾಂಕಿಗೆ ಬೈಗುಳ. ಬಿಲ್ಡರ್‌ಗಳಿಗೆ ಸಾಲ ಸುರಿದು ಮುಳುಗಿದ ಬ್ಯಾಂಕ್ ಅದು.

ನಿಜವಾಗಿ ಮಾನ ಹೋದದ್ದು ನವೆಂಬರ್‌ನಲ್ಲಿ. ಹೊರಗಿನ ಸಾಲಕ್ಕೆ ಮಾತುಕತೆ ನಡೆಯುತ್ತಿದೆ ಅನ್ನುವುದೆಲ್ಲ ಕಟ್ಟುಕತೆ ಎಂದು ಮಂತ್ರಿಗಳು ಹೇಳುತ್ತಲೇ ಇದ್ದರು. 18ರ ಬೆಳಗ್ಗೆ ಕೇಂದ್ರ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಹೊನೊಹನ್ ಫ್ರಾಂಕ್‌ಫರ್ಟ್‌ನಿಂದ ಅದೇ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿದರು. ಸಾಲ ಬರುತ್ತದೆ, ಸಾವಿರಾರು ಕೋಟಿ ಯೂರೋ ಲೆಕ್ಕದಲ್ಲಿ ಬರುತ್ತದೆ ಎಂದುಬಿಟ್ಟರು. ದೇಶದ ಪ್ರಧಾನಿ ಹೇಳಬೇಕಾದ ಮಾತು ಜನಕ್ಕೆ ಸಿಕ್ಕಿದ್ದು ಬೇರೆ ದೇಶದಿಂದ ಬಂದ ಫೋನ್ ಕರೆಯಲ್ಲಿ.

ಸಾಲದ ಮಾತುಕತೆಗೆ ಬಂದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ತಂಡದ ಮುಖ್ಯಸ್ಥ ಭಾರತ ಮೂಲದ ಅಜಯ್ ಚೋಪ್ರಾ. ಡಬ್ಲಿನ್‌ನಲ್ಲಿ ಅವರು ಒಬ್ಬ ಭಿಕ್ಷುಕನ ಪಕ್ಕ ನಡೆದುಹೋದ ಫೋಟೋ ಎಲ್ಲ ಕಡೆ ಓಡಾಡಿತು. ತಿಂಗಳ ಕೊನೆಗೆ 8,500 ಕೋಟಿ ಯೂರೋಗಳ ಒಪ್ಪಂದವಾಯಿತು. ಅದರಲ್ಲಿ 1,750 ಕೋಟಿ ಐರ್ಲೆಂಡಿನದ್ದೇ, ಪಿಂಚಣಿಗೆಂದು ಕೂಡಿಟ್ಟ ನಿಧಿಯೂ ಸೇರಿ. ಕನಿಷ್ಠ ಕೂಲಿಯಲ್ಲಿ ಗಂಟೆಗೆ ಒಂದು ಯೂರೋ ಕಡಿತ ಮಾಡಿದರು. ಇದರ ನಡುವೆ ಲೆನಿಹನ್ ಟಿವಿಯಲ್ಲಿ ಕೂತು, ಒಳ್ಳೆಯ ದಿನಗಳಲ್ಲಿ ನಾವೆಲ್ಲರೂ ಮಜಾ ಮಾಡಿದೆವು ಎಂಬರ್ಥದ ಮಾತಾಡಿದರು. ಆ ಮಜಾದಲ್ಲಿ ಪಾಲೇ ಸಿಗದವರಿಗೆ ಹೇಗಾಗಿರಬೇಡ?

ಕೈಗೆ ಸಿಕ್ಕಿದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜನ ಲೆಕ್ಕ ಚುಕ್ತಾ ಮಾಡಿದರು. 1932ರಿಂದ ಪ್ರತಿ ಚುನಾವಣೆಯಲ್ಲೂ ಅತಿ ದೊಡ್ಡ ಪಕ್ಷವಾಗಿದ್ದ, ಕೋವನ್ ಅವರ ಫಿಯನಾ ಫಾಲ್ 2011ರ ಫೆಬ್ರವರಿಯಲ್ಲಿ 20 ಸೀಟಿಗೆ ಕುಸಿಯಿತು. ಹಿಂದಿನ ಸಲ ಗೆದ್ದದ್ದು 75ಕ್ಕೂ ಜಾಸ್ತಿ. ಡಬ್ಲಿನ್‌ನ 47 ಸೀಟುಗಳಲ್ಲಿ ಉಳಿದದ್ದು ಒಂದು, ಅದೂ ಲೆನಿಹನ್ ಅವರದ್ದೇ. ಸರ್ಕಾರದಲ್ಲಿ ಜೊತೆಗಿದ್ದ ಗ್ರೀನ್ ಪಕ್ಷಕ್ಕೆ ಸೊನ್ನೆ. ಕೋವನ್ ಕಣಕ್ಕೇ ಇಳಿಯಲಿಲ್ಲ.

ಹಾಗಂತ ಹೊಸ ಸರ್ಕಾರಕ್ಕೆ ಜನ ಆರತಿ ಎತ್ತಲಿಲ್ಲ. 2014ರಲ್ಲಿ, ಆರ್ಥಿಕತೆ ಚೇತರಿಸಿಕೊಳ್ಳುತ್ತಿದ್ದಾಗ, ಮನೆ ನೀರಿಗೆ ಮೀಟರ್ ಹಾಕಿ ದುಡ್ಡು ಕೇಳಿದರು. ಆಗ ಬೀದಿ ಮತ್ತೆ ತುಂಬಿತು. ಎಷ್ಟೋ ಮನೆಯವರು ಬಿಲ್ ಕಟ್ಟಲೇ ಇಲ್ಲ. 2016ರಲ್ಲಿ ಶುಲ್ಕ ನಿಂತಿತು, ಮರುವರ್ಷ ಕಟ್ಟಿದವರಿಗೆ ಹಣ ವಾಪಸ್ ಕೊಡುವ ಕಾನೂನೂ ಬಂತು.