ವಿಸಿ ಹಾಜರಿ ಅಂದರೇನು?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕೋರ್ಟ್ ಆವರಣಗಳಲ್ಲಿ ಈಗ "ಸಾಕ್ಷಿ ವಿಸಿಯಲ್ಲಿ ಬರ್ತಾರೆ" ಅನ್ನುವ ಮಾತು ಕಿವಿಗೆ ಬೀಳುತ್ತದೆ. ವಿಸಿ ಅಂದರೆ ವಿಡಿಯೋ ಕಾನ್ಫರೆನ್ಸ್. ಕಟಕಟೆಗೆ ಬರದೆ ಪರದೆಯಲ್ಲೇ ಹಾಜರಾಗುವುದು, ಅಲ್ಲಿಂದಲೇ ಸಾಕ್ಷಿ ಹೇಳುವುದು.

ಕೊರೊನಾ ಬಂದ ಮೇಲೆ ಶುರುವಾಯಿತು ಅನ್ನಿಸುತ್ತೆ, ಅಲ್ವಾ? ಆದರೆ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿದ್ದು 2003ರಲ್ಲೇ, ಪ್ರಫುಲ್ ದೇಸಾಯಿ ಪ್ರಕರಣದಲ್ಲಿ. ಸಾಕ್ಷಿ ಹೇಳಬೇಕಿದ್ದ ವೈದ್ಯರು ಅಮೆರಿಕದಲ್ಲಿದ್ದರು. ಆರೋಪಿಯ ಎದುರಿನಲ್ಲೇ ಸಾಕ್ಷ್ಯ ಆಗಬೇಕು ಅನ್ನುತ್ತೆ ಕಾನೂನು. ಪರದೆಯಲ್ಲಿ ನೋಡಿ, ಕೇಳಿ, ಪಾಟಿ ಸವಾಲು ಮಾಡಲು ಸಾಧ್ಯವಿದ್ದರೆ ಅದೂ ಎದುರಿದ್ದ ಹಾಗೇ ಎಂದಿತು ಕೋರ್ಟ್. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನು) 530ನೇ ಕಲಂ ಇದನ್ನು ಬರಹದಲ್ಲೇ ಹೇಳಿದೆ.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರನ್ನೇ ನೆನೆಸಿಕೊಳ್ಳಿ. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಅವರು ಬೇರೆ ಜಿಲ್ಲೆಯಲ್ಲಿರುತ್ತಾರೆ. ರಜೆ ಹಾಕಿ ಅಷ್ಟು ದೂರ ಬಂದರೆ ಅವತ್ತೇ ಮುಂದಿನ ತಾರೀಕು! ವಿಸಿ ಇದ್ದರೆ ತಾವಿರುವ ಊರಿನ ಕೋರ್ಟಿಗೆ ಹೋಗಿ ಕೂತರೆ ಆಯಿತು.

ಹಾಗಂತ ಸುಮ್ನೆ ಮನೆಯಲ್ಲಿ ಕೂತು ಫೋನ್ ಹಿಡಿದರೆ ನಡೆಯುವುದಿಲ್ಲ. ಆ ಕಡೆ ಒಬ್ಬ ಸಂಯೋಜಕರು ಇರಬೇಕು. ಗುರುತಿನ ಚೀಟಿ ನೋಡಬೇಕು. ಕೋಣೆಯಲ್ಲಿ ಬೇರೆ ಯಾರೂ ಸಾಕ್ಷಿಗೆ ಹೇಳಿಕೊಡದಂತೆ ನೋಡಿಕೊಳ್ಳಬೇಕು. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯ ಜೀವ ಇರೋದೇ ಇಲ್ಲಿ. ನೆಟ್‌ವರ್ಕ್ ಕೈಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ, ಮತ್ತೆ ಜೋಡಿಸಬಹುದು. ಕ್ಯಾಮೆರಾದ ಹಿಂದೆ ನಿಂತು ಸನ್ನೆ ಮಾಡುವವನು ಯಾರಿಗೂ ಕಾಣುವುದಿಲ್ಲ.

ಜೈಲಿನ ಮಾತು ಬಂದರೆ, ನ್ಯಾಯಾಂಗ ಬಂಧನ ಮುಂದುವರಿಸಲು ಆರೋಪಿಯನ್ನು ಬಳ್ಳಾರಿ ಕೇಂದ್ರ ಕಾರಾಗೃಹದಿಂದಲೇ ಪರದೆಯಲ್ಲಿ ತೋರಿಸಬಹುದು. ಪೊಲೀಸ್ ಕಸ್ಟಡಿಗೆ ಕೊಡುವಾಗ ಮಾತ್ರ ಮೊದಲ ಸಲವೂ, ಆ ಕಸ್ಟಡಿ ಮುಂದುವರಿಸುವ ಪ್ರತಿ ಸಲವೂ ಖುದ್ದಾಗಿ ಕರೆತರಲೇಬೇಕು. ಮೈಮೇಲೆ ಪೆಟ್ಟು ಬಿದ್ದಿದ್ದರೆ ನ್ಯಾಯಾಧೀಶರ ಕಣ್ಣಿಗೆ ಕಾಣಬೇಕಲ್ಲ.

ಮೊಬೈಲ್ ವಿಡಿಯೋ, ವಾಟ್ಸಾಪ್ ಚಾಟ್ ಸಾಕ್ಷ್ಯವಾಗಬೇಕಾದರೆ ಲೆಕ್ಕ ಬೇರೆ. ಪ್ರಿಂಟ್ ಅಥವಾ ಪೆನ್‌ಡ್ರೈವ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆ ಬರೆಯಬೇಕು. ಫೈಲಿನಲ್ಲಿ ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅದಕ್ಕೇ ಫೋನಿನಲ್ಲಿರುವ ಮೂಲ ವಿಡಿಯೋವನ್ನು ಕೇಸು ಮುಗಿಯುವ ತನಕ ಅಳಿಸಬೇಡಿ.